ನಾಯಿಗೆ ಅಳತೆ ಇದೆ, ಯಜಮಾನರಿಗೆ?

ಸಂಪಾದಕರಿಗೆ ನಮಸ್ಕಾರ.

ಸಾಕುನಾಯಿಗಳ ಹುಟ್ಟುಹಬ್ಬದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಕೇಕು, ಬಲೂನು, ಕಾಗದದ ಟೋಪಿ, ನಾಯಿಯ ಕೊರಳಿಗೆ ಜರಿ ಶಲ್ಯ. ನೋಡಲಿಕ್ಕೆ ಚೆನ್ನಾಗಿತ್ತು. ಆದರೆ ಚಿತ್ರದಲ್ಲಿದ್ದ ಆ ಲ್ಯಾಬ್ರಡಾರ್ ನಾಯಿಗೆ ಸೊಂಟವೇ ಇರಲಿಲ್ಲ. ಮುದ್ದು ಮಾಡುವುದು ಅಂದರೆ ಇದೇ ಅಂತ ಓದಿದವರು ಅಂದುಕೊಂಡುಬಿಟ್ಟರೆ ಕಷ್ಟ. ಅದಕ್ಕೆ ಈ ಕಾಗದ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದೇ ಆದರೆ ನಮ್ಮ ಯಜಮಾನರ ಸುದ್ದಿಗೆ ಹಾಕಿ, ನಾಯಿಯ ಸುದ್ದಿ ಬಿಟ್ಟುಬಿಡಿ.

ನಾನು ದಾವಣಗೆರೆಯವಳು. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ಈಗ ನಿವೃತ್ತಿಯಾಗಿದ್ದೇನೆ. ಸೀಟಿ ಊದಿ ಮಕ್ಕಳನ್ನು ಮೈದಾನ ಸುತ್ತಿಸುವುದೇ ನನ್ನ ನೌಕರಿಯಾಗಿತ್ತು. ಊರಿನ ಎಷ್ಟೋ ಮಕ್ಕಳನ್ನು ಓಡಿಸಿದ್ದೇನೆ, ಮನೆಯಲ್ಲಿ ಒಬ್ಬರನ್ನು ಮಾತ್ರ ಕುರ್ಚಿಯಿಂದ ಎಬ್ಬಿಸಲಿಕ್ಕೆ ಆಗಿರಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮೀಕ್ಷೆಯ ಲೆಕ್ಕ ಹೊರಬಂತಲ್ಲ, ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ ಅಂತ, ಅದನ್ನು ಅವರೇ ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಿದರು. ಓದುವಾಗ ಕೈಯಲ್ಲಿ ಮಂಡಕ್ಕಿ ಪೊಟ್ಟಣ ಇತ್ತು.

ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಮನೆಯವರು ನಾಯಿ ಬೇಡ ಅಂದರು. ಹಾಗಾಗಿ ಅವನ ಲ್ಯಾಬ್ರಡಾರ್ ನಮ್ಮ ಪಾಲಿಗೆ ಬಂತು. ಅವನು ಇಟ್ಟ ಹೆಸರು ಬ್ರೂನೊ. ನಮ್ಮ ಅತ್ತೆಯವರಿಗೆ ಅದು ಬಾಯಿಗೆ ಹತ್ತಲಿಲ್ಲ, ಗುಂಡ ಅಂದರು. ಅವನೂ ಹೆಸರು ಉಳಿಸಿಕೊಂಡ.

ಬಂದಾಗ ತೆಳ್ಳಗೆ, ಚುರುಕಾಗಿದ್ದ. ಆಮೇಲೆ ಮೂರು ಕಡೆಯಿಂದ ಮುದ್ದು ಶುರುವಾಯಿತು. ಅತ್ತೆಯವರದು ತುಪ್ಪ ಹಾಕಿದ ಹಾಲನ್ನ. ಪಕ್ಕದ ಮನೆ ಹುಡುಗರದು ಕ್ರೀಮ್ ಬಿಸ್ಕತ್ತು. ಯಜಮಾನರದು ಎಲ್ಲರಿಗಿಂತ ಜಾಸ್ತಿ. ಭಾನುವಾರ ಬೆಣ್ಣೆ ದೋಸೆ ಪಾರ್ಸೆಲ್ ಬಂದರೆ ಮೊದಲ ತುಂಡು ಗುಂಡನಿಗೆ. ಸಂಜೆ ಮಂಡಕ್ಕಿ, ಮಿರ್ಚಿ ಪೊಟ್ಟಣ ಬಿಚ್ಚುವ ಸದ್ದಾದರೆ ಸಾಕು, ಗುಂಡ ಕಾಲ ಬುಡದಲ್ಲಿ ಹಾಜರು. ನಾನು ಏನಾದರೂ ಅಂದರೆ, ‘ಪಾಪ ಬಿಡೇ, ಮೂಕಪ್ರಾಣಿ ಅದು’ ಅಂತ ಉತ್ತರ. ಬೊಗಳಿ ಇಡೀ ಬೀದಿ ಎಬ್ಬಿಸುವ ಪ್ರಾಣಿ. ಮೂಕ ಎಲ್ಲಿಂದ ಬಂತು?

ವರ್ಷದ ರೇಬಿಸ್ ಚುಚ್ಚುಮದ್ದಿಗೆ ಅಂತ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ಸೂಜಿ ತೆಗೆಯುವ ಮೊದಲು ಎರಡೂ ಕೈಯಿಂದ ಗುಂಡನ ಪಕ್ಕೆ ಒತ್ತಿ ನೋಡಿದರು. ‘ಮೇಡಂ, ಪಕ್ಕೆಲುಬು ಎಲ್ಲಿ ಬಚ್ಚಿಟ್ಟಿದ್ದೀರಿ?’ ಅಂದರು. ಆಮೇಲೆ ನನ್ನ ಕೈಯನ್ನೇ ಮುಂದೆ ಚಾಚಲು ಹೇಳಿ ಒಂದು ಪರೀಕ್ಷೆ ಕಲಿಸಿಕೊಟ್ಟರು. ನಾಯಿ ಸಾಕಿದವರೆಲ್ಲ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮುಷ್ಟಿ ಬಿಗಿಹಿಡಿದು ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ. ನಾಯಿಯ ಪಕ್ಕೆ ಹಾಗೆ ತಗುಲಿದರೆ ಅದು ತೀರಾ ಸಣಕಲು. ಮುಷ್ಟಿ ಬಿಡಿಸಿ ಅಂಗೈಯನ್ನು ಕೆಳಗೆ ಮಾಡಿ, ಅಂಗೈ ಹಿಂಬದಿಯ ಮೂಳೆಗಳ ಮೇಲೆ ಬೆರಳು ಆಡಿಸಿ. ಹಾಗೆ ಹಗುರಾಗಿ ಎಲುಬು ಸಿಕ್ಕರೆ ಸರಿ. ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ದಪ್ಪ ಭಾಗ ಮುಟ್ಟಿ. ಪಕ್ಕೆ ಹಾಗಿದ್ದರೆ ಕೊಬ್ಬು ಜಾಸ್ತಿ. ಗುಂಡ ಈ ಕೊನೆಯ ಗುಂಪಿನವನು. ಮೇಲಿನಿಂದ ನೋಡಿದರೆ ನಾಯಿಗೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಹೋಗುತ್ತ ಮೇಲೆ ಏರಿರಬೇಕು. ಇದಕ್ಕೆಲ್ಲ 9 ಅಂಕದ ಒಂದು ಪಟ್ಟಿ ಇದೆ. 4 ಅಥವಾ 5 ಬಂದರೆ ಪಾಸು. ಅದಕ್ಕಿಂತ ಜಾಸ್ತಿ ಬಂದಷ್ಟೂ ಫೇಲು. ಗುಂಡನಿಗೆ 8 ಬಂತು. ತಕ್ಕಡಿ 43 ಕೆ.ಜಿ. ತೋರಿಸಿತು. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕೆ.ಜಿ. ಒಳಗೆ ಇರಬೇಕು.

‘ತಿನ್ನುವ ಖುಷಿ ಕಿತ್ತುಕೊಂಡರೆ ಅದಕ್ಕೇನು ಉಳಿಯಿತು ಡಾಕ್ಟ್ರೇ’ ಅಂತ ಯಜಮಾನರು ವಾದಕ್ಕೆ ನಿಂತರು. ಡಾಕ್ಟರು ಸಿಟ್ಟಾಗಲಿಲ್ಲ. ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಕತೆ ಹೇಳಿದರು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿದ್ದರು. ಒಂದೊಂದು ಜೋಡಿಯೂ ಒಂದೇ ಸೂಲಿನ ಮರಿಗಳು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. ಜೀವಮಾನ ಪೂರ್ತಿ ಹೀಗೇ ನಡೆಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಜಾಸ್ತಿ ತಿಂದ ಗುಂಪಿನ ಅರ್ಧ ನಾಯಿಗಳು 11.2 ವರ್ಷದ ಹೊತ್ತಿಗೆ ಹೋಗಿಬಿಟ್ಟಿದ್ದವು. ಕಡಿಮೆ ತಿಂದ ಗುಂಪಿನಲ್ಲಿ ಆ ಲೆಕ್ಕ 13 ವರ್ಷಕ್ಕೆ ಬಂತು. ಕೀಲು ನೋವಿಗೆ ಔಷಧಿ ಬೇಕಾಗಿದ್ದೂ ಕಡಿಮೆ ತಿಂದವಕ್ಕೆ ತಡವಾಗಿ. ಸುಮಾರು ಎರಡು ವರ್ಷದ ಆಯಸ್ಸು! ನಾಯಿಯ ಬದುಕಿನಲ್ಲಿ ಅದು ದೊಡ್ಡ ಪಾಲು ಅಲ್ವಾ? ಯಜಮಾನರು ಬಾಯಿ ಮುಚ್ಚಿದರು.

ನನಗೆ ಆಶ್ಚರ್ಯ ಆಗಿದ್ದು ಮನೆಗೆ ಬಂದ ಮೇಲೆ. ಮನುಷ್ಯ ಅಡುಗೆಮನೆಯ ಸಣ್ಣ ತಕ್ಕಡಿ ಇಳಿಸಿದರು. ಗುಂಡನ ಊಟಕ್ಕೆ ಒಂದು ಅಳತೆ ಲೋಟ ಗೊತ್ತು ಮಾಡಿದರು. ದಿನಕ್ಕೆ ಎರಡು ಹೊತ್ತು ಊಟ, ನಡುವೆ ಏನೂ ಇಲ್ಲ. ಕೊಡಲೇಬೇಕು ಅಂದರೆ ಒಂದು ತುಂಡು ಸೌತೆಕಾಯಿ ಅಥವಾ ಗಜ್ಜರಿ. ತಿಂಡಿ ಅಂತ ಕೊಡುವುದು ದಿನದ ಒಟ್ಟು ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು ಅಂತ ಡಾಕ್ಟರು ಹೇಳಿದ್ದರಲ್ಲ, ಅದನ್ನು ಬರೆದು ಫ್ರಿಜ್ಜಿಗೆ ಅಂಟಿಸಿದರು. ಪಕ್ಕದ ಮನೆ ಹುಡುಗರಿಗೆ ಕಾಂಪೌಂಡಿನ ಮೇಲಿಂದಲೇ ಎಚ್ಚರಿಕೆ ಹೋಯಿತು. ಅತ್ತೆಯವರು, ‘ನಾಯಿನ ಉಪವಾಸ ಕೆಡವಿದರೆ ಪಾಪ ಸುತ್ತಿಕೊಳ್ಳುತ್ತೆ’ ಅಂದರು. ಹೆತ್ತ ತಾಯಿಯ ಮಾತಿಗೂ ಮಗ ಬಗ್ಗಲಿಲ್ಲ.

ಇದೇ ಮನುಷ್ಯನಿಗೆ ಅವರ ಡಾಕ್ಟರು ವರ್ಷಗಳಿಂದ ಹೇಳುತ್ತ ಬಂದಿದ್ದೂ ಇದನ್ನೇ ತಾನೇ! ಅನ್ನ ಅಳತೆ ಮಾಡಿ ತಿನ್ನಿ, ನಡುನಡುವೆ ಬಾಯಾಡಿಸಬೇಡಿ, ದಿನಾ ನಡೆಯಿರಿ, ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಿ, ಪಾದ ನೋಡಿಕೊಳ್ಳಿ. ಗುಂಡನ ಲಸಿಕೆ ಕಾರ್ಡು ಯಾವಾಗಲೂ ಫ್ರಿಜ್ಜಿನ ಮೇಲೆ, ಆಯಸ್ಕಾಂತದ ಬಿಲ್ಲೆಯ ಕೆಳಗೆ. ಮುಂದಿನ ತಾರೀಖಿಗೆ ಕೆಂಪು ಗೆರೆ ಬೇರೆ. ಇವರ ರಕ್ತ ಪರೀಕ್ಷೆಯ ಚೀಟಿಗಳು ಮದುವೆ ಕಾರ್ಡುಗಳ ಜೊತೆ ಟ್ರಂಕಿನಲ್ಲಿ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಉಲ್ಟಾ. ಯಜಮಾನರಿಗೆ ಹೇಳಿದ್ದು ನಾಯಿಗೆ ಹೋಯಿತು, ನಾಯಿಯಿಂದ ತಿರುಗಿ ಯಜಮಾನರಿಗೆ ಬಂತು.

ಹೇಗೆ ಬಂತು ಅಂತ ಹೇಳುತ್ತೇನೆ. ಗುಂಡನ ಪಥ್ಯ ಶುರುವಾದ ಮೇಲೆ ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚುವುದೇ ಕಷ್ಟವಾಯಿತು. ಸದ್ದಾದರೆ ಅವನು ಬಂದು ಕೂರುತ್ತಾನೆ. ಕಣ್ಣು ಮಿಟುಕಿಸದೆ ನೋಡುತ್ತಾನೆ. ಜೊಲ್ಲು ಮೊಸಾಯಿಕ್ ನೆಲಕ್ಕೆ ತೊಟ್ಟಿಕ್ಕುತ್ತದೆ. ಕೊಡುವ ಹಾಗಿಲ್ಲ, ಕೊಡದೆ ತಿನ್ನಲಿಕ್ಕೂ ಮನಸ್ಸು ಬಾರದು. ಒಂದೆರಡು ಸಲ ಕೋಣೆಯ ಬಾಗಿಲು ಹಾಕಿಕೊಂಡು ತಿಂದು ನೋಡಿದರು. ಅವನು ಬಾಗಿಲು ಕೆರೆದ. ಕೊನೆಗೆ ಮಂಡಕ್ಕಿ ತರುವುದೇ ನಿಂತಿತು. ನಾನು ಹೇಳಿದ್ದರಿಂದ ಅಲ್ಲ, ಡಾಕ್ಟರು ಹೇಳಿದ್ದರಿಂದಲೂ ಅಲ್ಲ.

ಇನ್ನು ನಡಿಗೆ. ಬೆಳಿಗ್ಗೆ ಕತ್ತಲಿರುವಾಗಲೇ ಗುಂಡ ಮಂಚದ ಪಕ್ಕ ಬಂದು ಮೂಗು ತಾಗಿಸುತ್ತಾನೆ. ಅಲಾರಂ ಆದರೆ ಒತ್ತಿ ಮಲಗಬಹುದು. ಇವನನ್ನು ಎಲ್ಲಿ ಒತ್ತುವುದು? ಮೊದಲು ಬೀದಿ ಕೊನೆಯ ಕರೆಂಟು ಕಂಬದವರೆಗೆ ಹೋಗಿ ಬರುತ್ತಿದ್ದರು. ಈಗ ರಜೆ ದಿನ ಕುಂದವಾಡ ಕೆರೆ ಕಡೆಗೂ ಹೋಗುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಶಾಲೆಯಲ್ಲಿ ಕಪ್ಪು ಹಲಗೆ ಮೇಲೆ ಬರೆದು ಬರೆದು ಸೋತಿದ್ದ ಲೆಕ್ಕ ಅದು. ಅದಕ್ಕಿಂತ ಮುಖ್ಯ ರಾತ್ರಿಯ ನಡಿಗೆ. ಊಟವಾದ ಮೇಲೆ ನಾಯಿಯನ್ನು ಒಮ್ಮೆ ಹೊರಗೆ ಬಿಡಲೇಬೇಕಲ್ಲ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುವ ಹೊತ್ತು ಅದು. ಆಗ ಕಾಲಿನ ಸ್ನಾಯುಗಳಿಗೆ ಕೆಲಸ ಕೊಟ್ಟರೆ ಅವು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಉಂಡ ತಕ್ಷಣ ಟೀವಿ ಮುಂದೆ ಕೂತರೆ ಅದು ರಕ್ತದಲ್ಲೇ ಸುತ್ತುತ್ತ ಇರುತ್ತದೆ. ಯಜಮಾನರ ಮೂರು ತಿಂಗಳ ಸರಾಸರಿ ಸಕ್ಕರೆ ಲೆಕ್ಕ ಇಳಿದಿದೆ. ಮಾತ್ರೆ ನಿಂತಿಲ್ಲ, ಡಾಕ್ಟರು ನಿಲ್ಲಿಸಿ ಅಂದೂ ಇಲ್ಲ. ನಾಯಿ ತಂದರೆ ಮಾತ್ರೆ ಬಿಡಬಹುದು ಅಂತ ಯಾರೂ ಓದಿಕೊಳ್ಳಬೇಡಿ. ಗುಂಡ ವರ್ಷದ ಮೇಲೆ 34 ಕೆ.ಜಿ.ಗೆ ಬಂದ. ಯಜಮಾನರ ತೂಕ ಎಷ್ಟು ಇಳಿಯಿತು ಅಂತ ಬರೆದರೆ ಮನೆಯಲ್ಲಿ ಜಗಳ ಆಗುತ್ತದೆ.

ಇಷ್ಟು ಕೇಳಿದ ಕೂಡಲೇ ಜನ, ‘ನೋಡಿ, ಪ್ರಾಣಿಗಳಿಗೆ ಎಷ್ಟು ಬೇಕೋ ಅಷ್ಟೇ ತಿನ್ನುವುದು ಗೊತ್ತು, ನಮಗೇ ಗೊತ್ತಿಲ್ಲ’ ಅನ್ನುತ್ತಾರೆ. ಸುಳ್ಳು. ಲ್ಯಾಬ್ರಡಾರ್ ಮುಂದೆ ಚೀಲ ಬಿಚ್ಚಿಟ್ಟು ನೋಡಿ, ಚೀಲವನ್ನೂ ತಿನ್ನುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೆ ಒಂದು ಕಾರಣವನ್ನೂ ಕಂಡುಹಿಡಿದರು. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವಿಗೆ ಸಂಬಂಧಿಸಿದ ಒಂದು ಜೀನ್ ತುಸು ತುಂಡಾಗಿರುತ್ತದೆಯಂತೆ. ಅಂಥ ನಾಯಿಗೆ ಊಟದ ಮೇಲೆ ಆಸೆ ಜಾಸ್ತಿ, ತೂಕವೂ ಜಾಸ್ತಿ. ನಿದ್ದೆ, ಮೈಮುರಿಯುವುದು, ನೆರಳು ಹುಡುಕುವುದು, ಇವೆಲ್ಲ ನಾಯಿಯಿಂದ ಕಲಿಯಬಹುದು. ಎದ್ದ ಕೂಡಲೇ ಮುಂಗಾಲು ಚಾಚಿ ಬೆನ್ನು ಇಳಿಬಿಟ್ಟು ಮೈ ಎಳೆಯದೆ ಗುಂಡ ಒಂದು ಹೆಜ್ಜೆ ಇಡುವುದಿಲ್ಲ. ಊಟದ ವಿಷಯದಲ್ಲಿ ಮಾತ್ರ ಅವನು ಯಾರಿಗೂ ಗುರು ಅಲ್ಲ. ಅಲ್ಲಿ ಕಲಿಸುವುದು ಅವನ ಬಟ್ಟಲು. ಅದನ್ನು ತುಂಬಿಸುವವರಿಗೆ ಯಾವುದು ಸರಿ, ಯಾವುದು ಜಾಸ್ತಿ ಅಂತ ಪೂರ್ತಿ ಗೊತ್ತು. ಗೊತ್ತಿದ್ದದ್ದನ್ನು ಇನ್ನೊಂದು ಜೀವಕ್ಕೆ ಶಿಸ್ತಾಗಿ ಮಾಡುತ್ತಾರೆ, ತಮ್ಮ ತಟ್ಟೆಗೆ ಬಂದಾಗ ಮರೆಯುತ್ತಾರೆ. ಅಡುಗೆಮನೆಯಲ್ಲಿ ನಿಂತು ನೋಡಿದವಳಿಗೆ ಇದು ಚೆನ್ನಾಗಿ ಕಾಣುತ್ತದೆ.

ಮನೆಯ ಚಾಳಿ ನಾಯಿಗೂ ಅಂಟುತ್ತದೆ ಅನ್ನುವುದು ನನ್ನ ಮಾತಲ್ಲ. ಸ್ವೀಡನ್ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಾಯಿ-ಮಾಲೀಕ ಜೋಡಿಗಳ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಧುಮೇಹ ಇರುವ ನಾಯಿಯ ಮಾಲೀಕರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ, ಆರೋಗ್ಯವಾಗಿರುವ ನಾಯಿಯ ಮಾಲೀಕರಿಗಿಂತ ಶೇ 38ರಷ್ಟು ಹೆಚ್ಚು ಕಂಡಿತು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡಿತು ಅಂತಲ್ಲ. ಒಂದೇ ಮನೆ, ಒಂದೇ ಸೋಮಾರಿತನ ಇರಬಹುದು. ಬೆಕ್ಕು ಸಾಕಿದವರಲ್ಲಿ ಈ ನಂಟು ಸಿಗಲಿಲ್ಲವಂತೆ. ಬೆಕ್ಕು ತನ್ನ ವಾಕಿಂಗ್ ತಾನೇ ಮುಗಿಸಿಕೊಂಡು ಬರುತ್ತದೆ, ಯಾರನ್ನೂ ಕಾಯುವುದಿಲ್ಲ.

ಕೇಕಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದು ಬರೀ ದಪ್ಪ ಆಗುವ ಪ್ರಶ್ನೆ ಅಲ್ಲ. ಚಾಕೊಲೇಟಿನಲ್ಲಿ ಥಿಯೊಬ್ರೊಮಿನ್ ಅನ್ನುವ ಅಂಶ ಇದೆ. ನಮ್ಮ ಮೈ ಅದನ್ನು ಬೇಗ ಕರಗಿಸುತ್ತದೆ, ನಾಯಿಯ ಮೈ ಬಹಳ ನಿಧಾನ. ಜಾಸ್ತಿಯಾದರೆ ವಾಂತಿ, ಎದೆಬಡಿತ, ಫಿಟ್ಸ್. ನಮ್ಮ ಕಡೆ ಚಾಕೊಲೇಟಿಗಿಂತ ಹೆಚ್ಚು ಅಪಾಯ ಇರುವುದು ಒಣದ್ರಾಕ್ಷಿಯಲ್ಲಿ. ಕೇಸರಿಬಾತು, ಪಾಯಸ, ಲಾಡು, ಎಲ್ಲದರಲ್ಲೂ ಇರುತ್ತದೆ. ಹಸಿ ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ, ಕೆಲವು ನಾಯಿಗಳ ಕಿಡ್ನಿ ಸ್ವಲ್ಪಕ್ಕೇ ಕೆಟ್ಟುಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣ ಒಡೆಯುತ್ತವೆ. ಹಸಿಯಾದರೂ ಅಷ್ಟೇ, ಪಲ್ಯದಲ್ಲಿ ಬೆಂದರೂ ಅಷ್ಟೇ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಮಿಠಾಯಿಗಳಲ್ಲಿ ಸಕ್ಕರೆಯ ಬದಲಿಗೆ ಝೈಲಿಟಾಲ್ ಅನ್ನುವ ಸಿಹಿ ಹಾಕಿರುತ್ತಾರೆ. ನಮಗೆ ಅದು ಒಳ್ಳೆಯದು ಅಂತ ನಾಯಿಗೂ ಒಂದು ಕೊಟ್ಟರೆ ಅದರ ರಕ್ತದ ಸಕ್ಕರೆ ಸರ್ರನೆ ಕೆಳಗಿಳಿಯುತ್ತದೆ, ಪ್ರಾಣವೇ ಹೋಗಬಹುದು.

ದಾವಣಗೆರೆ ಬಿಸಿಲು ಗೊತ್ತಲ್ಲ. ಏಪ್ರಿಲ್ ಮಧ್ಯಾಹ್ನ ಕೆಲವರು ಹಸ್ಕಿ ನಾಯಿ ಹಿಡಿದುಕೊಂಡು ಟಾರು ರಸ್ತೆಯಲ್ಲಿ ಹೋಗುತ್ತಾರೆ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಲು ಬೆಳೆಸಿದ ತಳಿ ಅದು, ಮೈಮೇಲೆ ಎರಡು ಪದರ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಬಿಸಿ ಹೊರಹಾಕಬೇಕು. ಪಗ್ ತರಹದ ಚಪ್ಪಟೆ ಮೂಗಿನ ನಾಯಿಗೆ ಅದೂ ಸರಿಯಾಗಿ ಆಗುವುದಿಲ್ಲ. ಅದರ ಗೊರಕೆ ಮುದ್ದಾಗಿದೆ ಅಂತ ವಿಡಿಯೊ ಮಾಡುತ್ತಾರೆ, ಅದಕ್ಕೆ ಉಸಿರಾಟವೇ ಕಷ್ಟ ಅಂತ ತಿಳಿಯುವುದಿಲ್ಲ. ನಿಮ್ಮ ಅಂಗೈಯ ಹಿಂಬದಿಯನ್ನು ಟಾರಿನ ಮೇಲೆ ಏಳೆಂಟು ಸೆಕೆಂಡು ಇಡಿ. ಇಡಲಿಕ್ಕೆ ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಗುಂಡ ಇಳಿದ ಮೇಲೆ ಬೀದಿಯವರ ಪ್ರಶ್ನೆ, ‘ಯಾಕ್ ಮೇಡಂ, ನಾಯಿಗೆ ಹುಷಾರಿಲ್ವಾ? ಊಟ ಹಾಕಲ್ವಾ?’ ದಪ್ಪ ಇದ್ದರೇ ಚೆನ್ನಾಗಿ ಸಾಕಿದ್ದಾರೆ ಅನ್ನುವ ಲೆಕ್ಕ ಕೂಸಿಗೂ ಒಂದೇ, ನಾಯಿಗೂ ಒಂದೇ. ಅಂಥವರು ಒಮ್ಮೆ ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಿ ಬರಬೇಕು. ಅಲ್ಲಿಯ ಬೇಟೆ ನಾಯಿಯ ಸೊಂಟ ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ, ಎದೆ ಆಳ, ಕಾಲು ಉದ್ದ. ಮೊಲದ ಹಿಂದೆ ಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ. ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆ ಅಂತಲೇ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಸ್ಟಾಂಪು ತಂದಿತು. ಆ ಸ್ಟಾಂಪಿನ ನಾಯಿಯನ್ನು ನೋಡಿ ಯಾರೂ ಊಟ ಹಾಕಲ್ವಾ ಅಂತ ಕೇಳಲಿಲ್ಲ. ತಳಿ ಬೇರೆ ಬೇರೆ, ಲ್ಯಾಬ್ರಡಾರ್ ಅಷ್ಟು ಸಪೂರ ಆಗಬೇಕಿಲ್ಲ, ಒಪ್ಪುತ್ತೇನೆ. ಸೊಂಟವಾದರೂ ಇರಲಿ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ನಾಯಿ ಜೊತೆಗಿದ್ದರೆ ನಸುಕಿನಲ್ಲಿ ಹೆಂಗಸರು ಒಬ್ಬರೇ ನಡೆಯಬಹುದು. ಹಿಂದಿನ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಬೀದಿಯ ಹೆಣ್ಣುಮರಿಯೊಂದನ್ನು ಒಳಗೆ ಬಿಟ್ಟುಕೊಂಡರು. ಈಗ ನಾಯಿಯ ನೆಪದಲ್ಲಿ ದಿನಕ್ಕೆ ಹತ್ತು ಜನರ ಹತ್ತಿರ ಮಾತಾಡುತ್ತಾರೆ. ಸ್ವೀಡನ್‌ನಲ್ಲೇ 34 ಲಕ್ಷ ಜನರ ದಾಖಲೆ ಇಟ್ಟುಕೊಂಡು 2017ರಲ್ಲಿ ಇನ್ನೊಂದು ಅಧ್ಯಯನ ಬಂತು. ಒಂಟಿಯಾಗಿ ಬದುಕುವವರಲ್ಲಿ ನಾಯಿ ಇದ್ದವರ ಸಾವಿನ ಅಪಾಯ ನಾಯಿ ಇಲ್ಲದವರಿಗಿಂತ ಶೇ 33ರಷ್ಟು ಕಡಿಮೆ ಇತ್ತು. ಗಟ್ಟಿಯಿರುವವರೇ ನಾಯಿ ಸಾಕುತ್ತಾರೋ, ನಾಯಿ ಸಾಕಿ ಗಟ್ಟಿಯಾಗುತ್ತಾರೋ ಅಂತ ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು. ಆ ಅಕ್ಕನ ಮುಖ ನೋಡಿದರೆ ನನ್ನ ಮಟ್ಟಿಗೆ ಉತ್ತರ ಸಿಗುತ್ತದೆ.

ಈಗ ನನ್ನ ಬೇಡಿಕೆಗಳು. ನಗರಗಳ ಆಡಳಿತ ನೋಡಿಕೊಳ್ಳುವವರು ಓದುತ್ತಿದ್ದರೆ ಗಮನಿಸಲಿ. ಎಷ್ಟೋ ಪಾರ್ಕುಗಳ ಗೇಟಿಗೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಅನ್ನುವ ಬೋರ್ಡು ಇರುತ್ತದೆ. ಮಕ್ಕಳು ಆಡುವ ಜಾಗ, ಭಯಪಡುವವರೂ ಇರುತ್ತಾರೆ, ಅದು ನ್ಯಾಯವೇ. ಆದರೆ ದೊಡ್ಡ ಪಾರ್ಕಿನಲ್ಲಿ ಒಂದು ಮೂಲೆಗೆ ಬೇಲಿ ಹಾಕಿ, ಒಂದು ಕಸದ ಡಬ್ಬ ಇಟ್ಟು, ಬೆಳಿಗ್ಗೆ ಏಳರ ಒಳಗೆ ಬರಬಹುದು ಅಂದರೆ ವಯಸ್ಸಾದವರು ನಾಯಿ ಜೊತೆ ಲಾರಿ ಓಡಾಡುವ ರಸ್ತೆಗೆ ಇಳಿಯುವುದು ತಪ್ಪುತ್ತದೆ. ನಾಯಿ ಸಾಕಿದವರೂ ನೆಟ್ಟಗಿರಬೇಕು. ಬೆಲ್ಟು ಬಿಚ್ಚಿ ಬಿಡುವುದು, ಪಕ್ಕದವರ ಗೇಟಿನ ಮುಂದೆ ಕಕ್ಕ ಮಾಡಿಸಿ ಆಕಾಶ ನೋಡುತ್ತ ಹೋಗುವುದು, ಇವು ನಿಲ್ಲಬೇಕು. ಯಜಮಾನರು ಹೊರಡುವಾಗ ಜೇಬಿನಲ್ಲಿ ಹಳೇ ಪೇಪರು ಮಡಚಿ ಇಟ್ಟುಕೊಳ್ಳುತ್ತಾರೆ. ಕ್ಷಮಿಸಿ, ಅದು ನಿಮ್ಮದೇ ಪತ್ರಿಕೆ. ಮುಖಪುಟ ಬಳಸುವುದಿಲ್ಲ, ಜಾಹೀರಾತಿನ ಪುಟ ಮಾತ್ರ.

ನಿಮಗೂ ಒಂದು ಕೋರಿಕೆ. ಪುರವಣಿಯಲ್ಲಿ ಪಶುವೈದ್ಯರೊಬ್ಬರಿಂದ ಪ್ರಶ್ನೋತ್ತರ ಅಂಕಣ ಶುರು ಮಾಡಿ. ರೇಬಿಸ್ ಲಸಿಕೆ ಯಾವಾಗ, ಅನ್ನ ಎಷ್ಟು, ಮೊಸರು ಕೊಡಬಹುದಾ, ಉಣ್ಣೆ ಹುಳ ಹತ್ತಿದರೆ ಏನು ಮಾಡುವುದು, ಜನ ಕೇಳಲಿಕ್ಕೆ ಬೇಕಾದಷ್ಟಿದೆ. ಹುಟ್ಟುಹಬ್ಬದ ಚಿತ್ರ ಹಾಕುವುದಾದರೂ ಹಾಕಿ, ಪಕ್ಕದಲ್ಲಿ ಆ ನಾಯಿಯ ತೂಕವನ್ನೂ ಒಂದು ಸಾಲು ಬರೆಯಿರಿ.

ನನ್ನ ಹೆಸರು ದಯವಿಟ್ಟು ಹಾಕಬೇಡಿ. ಯಜಮಾನರ ಸಕ್ಕರೆ ಲೆಕ್ಕ ಊರಿಗೆಲ್ಲ ಗೊತ್ತಾಗುವುದು ಅವರಿಗೆ ಇಷ್ಟವಿಲ್ಲ. ಗುಂಡನ ಹೆಸರು ಹಾಕಬಹುದು.

ಇತಿ,
ನಿವೃತ್ತ ಪಿ.ಟಿ. ಟೀಚರ್,
ದಾವಣಗೆರೆ